ಘಾಟಿಯ ಈಚೆ ನಿಂತ ಲಾರಿ

ಕುವೈತಿನಿಂದ ಇರಾಕ್ ದಾಟಿ ಟರ್ಕಿಯ ಗಡಿಗೆ ಹೋಗುವ ರಸ್ತೆಯನ್ನು ನಾನು ಆರು ವರ್ಷ ಕಾಗದದ ಮೇಲೆ ಓಡಿಸಿದ್ದೆ. ಒಮ್ಮೆಯೂ ಕಣ್ಣಿಂದ ನೋಡಿರಲಿಲ್ಲ. ಶುಐಬಾ ಬಂದರಿನ ಹತ್ತಿರದ ಒಂದು ಸಾರಿಗೆ ಕಂಪನಿಯಲ್ಲಿ ಲಾರಿಗಳ ಪ್ರಯಾಣ ಗೊತ್ತುಮಾಡುವುದು ನನ್ನ ಕೆಲಸ. ಯಾವ ಲಾರಿ, ಯಾವ ಚಾಲಕ, ಎಲ್ಲಿ ಡೀಸೆಲ್, ಎಲ್ಲಿ ವಿಶ್ರಾಂತಿ, ಯಾವ ಚೌಕಿಯಲ್ಲಿ ಯಾವ ಕಾಗದ ತೋರಿಸಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡುತ್ತಿದ್ದೆ. ಹಣ್ಣು ತರಕಾರಿ ತುಂಬಿಕೊಂಡು ಬಂದ ಚಾಲಕರು ದಾರಿಯ ಬಗ್ಗೆ ಹೇಳಿದ್ದನ್ನೆಲ್ಲ ಹಾಳೆಯ ಅಂಚಿಗೆ ಸೇರಿಸಿಕೊಳ್ಳುತ್ತಿದ್ದೆ. ಟರ್ಕಿ ಗಡಿಗೆ ಮುಂಚೆ, ಝಾಖೋ ಎಂಬ ಊರಿನ ಮೇಲ್ಗಡೆ ಒಂದು ಘಾಟಿ ಇದೆ. ಅದರ ಎದುರಿಗೆ 'ಹತ್ತಿದ ಗೇರಿನಲ್ಲೇ ಇಳಿಯಬೇಕು, ಬ್ರೇಕ್ ನಂಬಬಾರದು' ಎಂದು ಪೆನ್ಸಿಲಿನಲ್ಲಿ ಬರೆದಿಟ್ಟವನು ನಾನೇ.

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ಬಂತು. ಮೂರನೆಯ ವಾರದ ಹೊತ್ತಿಗೆ ನಮ್ಮ ಕಂಪನಿಯಲ್ಲಿ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಕಂಪನಿಯ ಒಡೆಯನಾದ ಕಫೀಲ್ ಬೇಸಿಗೆ ಕಳೆಯಲು ಯುರೋಪಿಗೆ ಹೋದವನು ಅಲ್ಲೇ ಉಳಿದಿದ್ದ. ಮ್ಯಾನೇಜರ್ ತನ್ನ ಕಾರಿನಲ್ಲಿ ಸೌದಿ ಕಡೆಗೆ ಹೊರಟುಹೋಗಿದ್ದ. ಸುಲೈಬಿಯಾದಲ್ಲಿದ್ದ ನಮ್ಮ ಗೋದಾಮಿನ ಅಂಗಳದಿಂದ ಸೈನಿಕರು ಲಾರಿಗಳನ್ನು ಒಂದೊಂದಾಗಿ ಒಯ್ದರು. ಉಳಿದದ್ದು ಎರಡು, ಅವೂ ಓಡಿಸುವ ಸ್ಥಿತಿಯಲ್ಲಿ ಇರಲಿಲ್ಲ ಎಂಬ ಕಾರಣಕ್ಕೆ. ಒಂದರ ಚಕ್ರಗಳನ್ನು ಬಿಚ್ಚಿ ಬ್ರೇಕಿಗೆ ಹೊಸ ಲೈನರ್ ಹಾಕುವ ಕೆಲಸ ಅರ್ಧಕ್ಕೆ ನಿಂತಿತ್ತು. ಇನ್ನೊಂದಕ್ಕೆ ಬ್ಯಾಟರಿ ಇರಲಿಲ್ಲ.

ಈ ಎರಡನೆಯ ಲಾರಿಯ ವಿಷಯ ಸ್ವಲ್ಪ ಹೇಳಬೇಕು. ಅದು ಹಳೆಯದು, ಬಂದರಿನಿಂದ ಗೋದಾಮಿಗೆ ಮಾತ್ರ ಓಡುತ್ತಿದ್ದುದು. ದೊಡ್ಡ ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಅಂತ ಒಂದಿರುತ್ತದೆ. ಇಳಿಜಾರಿನಲ್ಲಿ ಹೊಗೆ ಹೋಗುವ ದಾರಿಯನ್ನು ಅಡ್ಡಗಟ್ಟಿ, ಇಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುವಂತೆ ಮಾಡುವ ಏರ್ಪಾಡು. ಆ ಲಾರಿಯಲ್ಲಿ ಅದು ಕೆಟ್ಟಾಗ ಮೆಕ್ಯಾನಿಕ್ ತೆಗೆದು ಮೂಲೆಗೆಸೆದಿದ್ದ. ಹಿಂದಿನ ಎಡಚಕ್ರದ ಬ್ರೇಕಿಗೆ ಗಾಳಿ ಒಯ್ಯುವ ನಳಿಗೆ ಸೋರುತ್ತಿತ್ತು. ಅದಕ್ಕೊಂದು ಬೋಲ್ಟ್ ತುರುಕಿ ಮುಚ್ಚಿದ್ದ. ಎರಡಕ್ಕೂ 'ಸದ್ಯಕ್ಕೆ ಸಾಕು' ಎಂದು ರುಜು ಹಾಕಿದವನು ನಾನು. ಕುವೈತಿನ ನೆಲ ತಟ್ಟೆಯ ಹಾಗೆ ಚಪ್ಪಟೆ. ಅಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ನಾನು ಹೆಂಡತಿಯೊಡನೆ ಫರ್ವಾನಿಯಾದ ಒಂದು ಕಟ್ಟಡದಲ್ಲಿ ಇದ್ದೆ. ಅದೇ ಕಟ್ಟಡದಲ್ಲಿ ನಮ್ಮ ಕರಾವಳಿಯ ತುಳುವರು, ಕೊಂಕಣಿ ಕ್ರಿಶ್ಚಿಯನರು ಸೇರಿ ಏಳು ಸಂಸಾರ. ಒಟ್ಟು ಮೂವತ್ತೊಂದು ಜನ, ಅದರಲ್ಲಿ ಮಕ್ಕಳು ಒಂಬತ್ತು. ಎಲ್ಲರೂ ಬಸ್ಸು ಹಿಡಿದು ಬಾಗ್ದಾದಿಗೆ, ಅಲ್ಲಿಂದ ಜೋರ್ಡಾನಿಗೆ ಹೋಗುವ ಮಾತಾಡುತ್ತಿದ್ದರು. ಆದರೆ ಜೋರ್ಡಾನಿನ ಗಡಿಯಲ್ಲಿ ಸಾವಿರಾರು ಜನ ನೀರಿಲ್ಲದೆ ಮರಳಿನಲ್ಲಿ ಕೂತಿದ್ದಾರೆ ಎಂದು ರೇಡಿಯೋ ದಿನವೂ ಹೇಳುತ್ತಿತ್ತು. ನನ್ನ ತಲೆಯಲ್ಲಿ ಉತ್ತರದ ರಸ್ತೆ ಇತ್ತು. ಬಸ್ರಾ, ಬಾಗ್ದಾದ್, ಮೋಸುಲ್, ಝಾಖೋ. ಸುಮಾರು ಸಾವಿರದ ಇನ್ನೂರು ಕಿಲೋಮೀಟರ್. ಕೊನೆಯಲ್ಲಿ ಬೆಟ್ಟ, ಬೆಟ್ಟದಾಚೆ ಒಂದು ನದಿ, ನದಿಗೊಂದು ಸೇತುವೆ, ಅದರಾಚೆ ಟರ್ಕಿ.

ಲಾರಿ ನೋಡಲು ಸುಲೈಬಿಯಾಕ್ಕೆ ಹೋದ ದಿನ ಮೇಸ್ತ್ರಿ ಬಂದು ಎದುರಿಗೆ ನಿಂತ. ಅಲ್ಲಿನ ಕ್ಯಾಂಪಿನಲ್ಲಿ ನಮ್ಮ ಲೋಡಿಂಗ್ ಕೆಲಸದವರು ಮೂವತ್ತೆಂಟು ಜನ ಇದ್ದರು. ತೆಲುಗರು, ಬಿಹಾರದವರು, ಏಳೆಂಟು ಮಂದಿ ರಾಯಚೂರು ಕಡೆಯವರು. ಅವರಿಗೆಲ್ಲ ಮೇಸ್ತ್ರಿಯಾಗಿದ್ದವನೂ ರಾಯಚೂರಿನ ಕಡೆಯವನೇ. ಐವತ್ತರ ಹತ್ತಿರದ ವಯಸ್ಸು, ಅಗಲವಾದ ಕೈಗಳು, ಮಾತು ಕಡಿಮೆ.

"ಸಾಹೇಬ್ರ, ಎರಡು ಗಾಡಿ ಅದಾವಲ್ರಿ. ನಮ್ಮ ಮಂದೀನೂ ಲೆಕ್ಕಕ್ಕ ಹಿಡೀರಿ," ಅಂದ.

"ಮೊದಲು ಗಾಡಿ ಏಳ್ಬೇಕಲ್ಲ ಮಾರಾಯ."

"ಎಬ್ಬಸ್ತೀವ್ರಿ. ಏನು ಬೇಕು ಹೇಳ್ರಿ."

ಎಬ್ಬಿಸಿದರು. ಮೆಕ್ಯಾನಿಕ್ ಓಡಿಹೋಗಿದ್ದ. ಟರ್ಕಿ ದಾರಿಯಲ್ಲಿ ಹತ್ತು ವರ್ಷ ಓಡಿಸಿದ್ದ, ಎಲ್ಲರೂ ಖಾನ್ ಭಾಯಿ ಎನ್ನುತ್ತಿದ್ದ ನಮ್ಮ ಪಠಾಣ್ ಚಾಲಕನೊಬ್ಬ ಊರು ಬಿಡದೆ ಉಳಿದಿದ್ದ. ಅವನು ನಿಂತು ಹೇಳಿಕೊಟ್ಟ, ಮೇಸ್ತ್ರಿಯ ಜನ ಕೈ ಹಚ್ಚಿದರು. ಹೊಸ ಲೈನರಿಗೆ ರಿವೆಟ್ ಬಡಿದು, ಡ್ರಮ್ ಒರೆಸಿ, ಹತ್ತು ಚಕ್ರಗಳನ್ನು ಕೂರಿಸಿದರು. ಗೋದಾಮಿನ ಜನರೇಟರಿನ ಎರಡು ಬ್ಯಾಟರಿಗಳನ್ನು ಹೊತ್ತು ತಂದು ಹಳೆಯ ಲಾರಿಗೆ ಜೋಡಿಸಿದರು. ಅಂಗಳದ ಟ್ಯಾಂಕಿನಲ್ಲಿ ಉಳಿದಿದ್ದ ಡೀಸೆಲನ್ನು ಪೀಪಾಯಿಗಳಿಗೆ ಇಳಿಸಿದರು. ನಾನು ಶುಐಬಾದ ಆಫೀಸಿಗೆ ಹೋಗಿ, ಕಬ್ಬಿಣದ ಕಪಾಟಿನ ಬೀಗ ಒಡೆದು, ಕಂಪನಿ ಇಟ್ಟುಕೊಂಡಿದ್ದ ಎಲ್ಲರ ಪಾಸ್‌ಪೋರ್ಟುಗಳನ್ನು ತಂದೆ. ಐದು ದಿನದ ಕೆಲಸ. ಆ ಐದು ದಿನ ನಾನು ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯಿಂದಲೇ ಓಡಾಡಿದೆ.

ಆರನೆಯ ದಿನ ಹಾಳೆ ಬರೆಯಲು ಕೂತೆ. ದೂರ, ಡೀಸೆಲ್, ನೀರು, ನಿಲ್ಲುವ ಜಾಗ. ಇವೆಲ್ಲ ಅರ್ಧ ಗಂಟೆಯಲ್ಲಿ ಮುಗಿದವು. ಉಳಿದದ್ದು ಯಾವ ಲಾರಿಗೆ ಯಾರು ಎಂಬುದು. ತೂಕದ ಪ್ರಶ್ನೆಯೇ ಇರಲಿಲ್ಲ. ಹದಿನೈದು ಟನ್ ಹೊರುವ ಗಾಡಿಗೆ ನಲವತ್ತು ಜನ ಯಾವ ಲೆಕ್ಕ? ಪ್ರಶ್ನೆ ಬ್ರೇಕಿನದು. ಹೊಸ ಲೈನರಿನ ಲಾರಿಯ ಎದುರು ಮಕ್ಕಳಿರುವ ಸಂಸಾರಗಳು ಎಂದು ಬರೆದೆ. ಹಳೆಯ ಲಾರಿಯ ಎದುರು ಕ್ಯಾಂಪ್ ಎಂದು ಬರೆದೆ. ಮಕ್ಕಳನ್ನು ಒಳ್ಳೆಯ ಗಾಡಿಯಲ್ಲಿ ಕೂರಿಸುವುದು ತಪ್ಪಲ್ಲ. ಆದರೆ ಒಂಬತ್ತು ಮಕ್ಕಳ ಹೆಸರಿನಲ್ಲಿ ಇಪ್ಪತ್ತೆರಡು ದೊಡ್ಡವರು ಹತ್ತಿದೆವು. ನನಗೂ ನನ್ನ ಹೆಂಡತಿಗೂ ಮಕ್ಕಳಿರಲಿಲ್ಲ, ನಾವೂ ಹತ್ತಿದೆವು. ನಮ್ಮ ಟ್ರಂಕುಗಳು, ಅವಳ ಹೊಲಿಗೆ ಯಂತ್ರ, ನೆರೆಮನೆಯವರ ಟೀವಿ, ಮಿಕ್ಸಿ, ಗಂಟುಮೂಟೆ ಎಲ್ಲ ಅದೇ ಗಾಡಿಗೆ ಹತ್ತಿದವು.

ನಮ್ಮ ಗಾಡಿಗೆ ಪಠಾಣ್ ಚಾಲಕ. ಹಳೆಯ ಲಾರಿಯನ್ನು ಓಡಿಸಬೇಕಾದವನು ಉಳ್ಳಾಲದ ಕಡೆಯ ಒಬ್ಬ ಬ್ಯಾರಿ ಚಾಲಕ. ನಾಲ್ಕು ವರ್ಷದಿಂದ ಅದೇ ಗಾಡಿ ಅವನ ಕೈಯಲ್ಲಿತ್ತು. ಹೊರಡುವ ಮುಂಚೆ ನನ್ನನ್ನು ಬದಿಗೆ ಕರೆದ.

"ಸಾರ್, ಇದ್ರದ್ದು ಎಕ್ಸಾಸ್ಟ್ ಬ್ರೇಕ್ ತೆಗ್ದದ್ದು ನಿಮಗೆ ಗೊತ್ತುಂಟಲ್ಲ?"

"ಗೊತ್ತುಂಟು."

"ಬೆಟ್ಟ ಉಂಟು ಅಂತ ಹೇಳ್ತಾರೆ ಖಾನ್ ಭಾಯಿ."

"ನಿಧಾನ ಹೋದ್ರೆ ಆಯ್ತು ಮಾರಾಯ. ಅಲ್ಲಿ ಹೋದ ಮೇಲೆ ನೋಡುವ," ಅಂದೆ.

ಅವನು ಹೋಗಿ ತನ್ನ ಗಾಡಿ ಹತ್ತಿದ. ಪಠಾಣನಿಗೆ ಬೋಲ್ಟಿನ ವಿಷಯ ನಾನು ಹೇಳಲಿಲ್ಲ. ಹೇಳಿದ್ದರೆ ಅವನು ಹಳೆಯ ಲಾರಿಯನ್ನು ಅಂಗಳದಿಂದ ಹೊರಡಲು ಬಿಡುತ್ತಿರಲಿಲ್ಲ. ಆಗ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕಿತ್ತು, ಸಾಮಾನು ಬಿಟ್ಟು. ಇದನ್ನು ಅಂದು ಇಷ್ಟು ಸ್ಪಷ್ಟವಾಗಿ ಯೋಚಿಸಿದೆ ಎಂದು ಹೇಳಲಾರೆ. ಯೋಚಿಸಲಿಲ್ಲ ಎಂದೂ ಹೇಳಲಾರೆ.

ಮೋಸುಲಿನವರೆಗೆ ಎರಡು ದಿನ. ರಸ್ತೆ ನನ್ನ ಹಾಳೆಯಲ್ಲಿ ಇದ್ದ ಹಾಗೆಯೇ ಇತ್ತು. ಬಸ್ರಾದ ಆಚೆ ಒಂದು ಟೈರು ಒಡೆಯಿತು. ಬಾಗ್ದಾದಿನ ಹೊರಗೆ ಒಂದು ಚೌಕಿಯಲ್ಲಿ ಎಲ್ಲರನ್ನೂ ಇಳಿಸಿ ಮೂರು ಗಂಟೆ ಬಿಸಿಲಲ್ಲಿ ನಿಲ್ಲಿಸಿದರು; ಭಾರತದ ಪಾಸ್‌ಪೋರ್ಟುಗಳನ್ನು ನೋಡಿ ಬಿಟ್ಟರು. ಹಳೆಯ ಲಾರಿ ಹಿಂದೆಯೇ ಬರುತ್ತಿತ್ತು. ಚಪ್ಪಟೆ ನೆಲದಲ್ಲಿ ಅದರದ್ದೇನೂ ತಕರಾರಿಲ್ಲ. ನಿಂತಲ್ಲೆಲ್ಲ ಮೇಸ್ತ್ರಿ ತನ್ನ ಜನರನ್ನು ಕಳಿಸಿ ನಮ್ಮ ಗಾಡಿಗೆ ನೀರು ತುಂಬಿಸುತ್ತಿದ್ದ. "ಕೂಸುಗಳು ಅದಾವ, ಮೊದಲ ಅವಕ್ಕ ಕೊಡ್ರಿ" ಅನ್ನುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಘಾಟಿಯ ಈಚೆಯ ಚೌಕಿ ತಲುಪಿದೆವು. ಅಲ್ಲಿಂದ ಸ್ವಲ್ಪ ಏರು, ಆಮೇಲೆ ಏಳೆಂಟು ಕಿಲೋಮೀಟರ್ ಸುತ್ತು ಸುತ್ತಾಗಿ ಇಳಿಜಾರು, ಕೆಳಗೆ ಝಾಖೋ. ನಾನು ಮೊದಲ ಸಲ ಆ ಬೆಟ್ಟವನ್ನು ಕಂಡೆ. ಒಂದೂ ಹಸುರು ಎಲೆಯಿಲ್ಲದ ಬೂದು ಕಲ್ಲಿನ ಬೆಟ್ಟ. ಕಾಗದದಲ್ಲಿ ಅದು ಪೆನ್ಸಿಲಿನ ಒಂದು ಸಾಲಾಗಿತ್ತು.

ಪಠಾಣ್ ತನ್ನ ಗಾಡಿ ನಿಲ್ಲಿಸಿ ಹಳೆಯ ಲಾರಿಯ ಹತ್ತಿರ ಹೋದ. ಅಡಿಗೆ ನುಗ್ಗಿ, ಬ್ಯಾರಿ ಚಾಲಕನಿಂದ ಪೆಡಲ್ ಒತ್ತಿಸಿ ಪ್ರತಿ ಚಕ್ರವನ್ನೂ ನೋಡಿದ. ಹೊರಗೆ ಬಂದವನು ಗಡ್ಡದ ಮಣ್ಣು ಒರೆಸಿಕೊಂಡು ನನ್ನನ್ನೇ ನೋಡಿದ.

"ಈ ಗಾಡಿ ಕೆಳಗೆ ಇಳಿಯೋದಿಲ್ಲ, ಭಾಯಿ. ಆ ಬೋಲ್ಟ್ ಹಾಕಿದ್ದು ಯಾರು?" ಎಂದು ಹಿಂದಿಯಲ್ಲಿ ಕೇಳಿದ.

"ಗ್ಯಾರೇಜಿನಲ್ಲಿ ಹಾಕಿದ್ದಾರೆ," ಅಂದೆ.

ಅವನು ಸಿಟ್ಟಾಗಲಿಲ್ಲ. ಕೆಲಸದ ಮಾತಿಗೆ ಬಂದ. ತನ್ನ ಗಾಡಿಯಿಂದ ಸಾಮಾನು ಪೂರ್ತಿ ಇಳಿಸಿ, ಪೀಪಾಯಿ ಇಳಿಸಿ, ಎಲ್ಲರನ್ನೂ ಅದರಲ್ಲೇ ನಿಲ್ಲಿಸಿದರೆ ಒಂದೇ ಸಲಕ್ಕೆ ಕೆಳಗೆ ಒಯ್ಯುತ್ತೇನೆ ಎಂದ. ಇಕ್ಕಟ್ಟಾಗುತ್ತದೆ, ಆದರೆ ಒಂದು ಗಂಟೆಯ ಮಾತು. ಎರಡು ಟ್ರಿಪ್ ಬೇಡ ಎಂದ. ಯಾಕೆಂದರೆ ಚೌಕಿಯ ಸೈನಿಕರು ಗಡಿ ಇವತ್ತು ಸಂಜೆಯವರೆಗೆ ತೆರೆದಿದೆ, ನಾಳೆಯದು ಗೊತ್ತಿಲ್ಲ ಎಂದು ಹೇಳಿದ್ದರು.

ನಾನು ನಮ್ಮ ಗಾಡಿಯ ಹತ್ತಿರ ಹೋದೆ. ವಿಷಯ ಹೇಳಿದೆ. ಯಾರೂ ಆಗುವುದಿಲ್ಲ ಎನ್ನಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ನಮ್ಮ ನೆರೆಮನೆಯವರು ಮಾತ್ರ, "ಹದಿನಾರು ವರ್ಷದ ಸಂಸಾರ ಅದ್ರಲ್ಲಿ ಉಂಟು. ಇಲ್ಲಿ ರಸ್ತೆಯಲ್ಲಿ ಬಿಡ್ಲಿಕ್ಕೆ ಹೇಳ್ತೀರಾ?" ಎಂದು ಮೆಲ್ಲಗೆ ಕೇಳಿದರು. ನಾನು ಬಿಡಿ ಎಂದು ಹೇಳಿದ್ದರೆ ಬಿಡುತ್ತಿದ್ದರು. ಅಲ್ಲಿಯವರೆಗೆ ಎಲ್ಲವನ್ನೂ ನಾನು ಹೇಳಿದಂತೆಯೇ ಮಾಡಿದ್ದರು. ಗಾಡಿಯ ಮುಂಭಾಗದಲ್ಲಿ ನಮ್ಮ ಹೊಲಿಗೆ ಯಂತ್ರ ಕಂಬಳಿ ಸುತ್ತಿಕೊಂಡು ಕೂತಿತ್ತು. ನಾನು ಅದನ್ನು ನೋಡಿದೆ. ಆಮೇಲೆ ಗಡಿಯಾರ ನೋಡಿದೆ.

"ಎರಡು ಟ್ರಿಪ್ ಮಾಡುವ. ಸಮಯ ಉಂಟು," ಅಂದೆ.

ಪಠಾಣ್ ತಲೆಯಾಡಿಸಿದ. ಒಪ್ಪಿ ಆಡಿಸಿದ್ದಲ್ಲ. ನಾನು ಮೇಸ್ತ್ರಿಯ ಹತ್ತಿರ ಹೋಗಿ, "ಇವರನ್ನು ಸೇತುವೆ ಹತ್ತಿರ ಇಳಿಸಿ ಗಾಡಿ ವಾಪಸ್ ಬರ್ತದೆ. ಎರಡು ಗಂಟೆ, ಹೆಚ್ಚೆಂದರೆ ಮೂರು. ನೀವು ಇಲ್ಲೇ ಇರಿ. ಈ ಲಾರಿ ಇಳಿಸ್ಬೇಡಿ," ಅಂದೆ.

"ಆತ್ರಿ ಸಾಹೇಬ್ರ," ಅಂದ. ಒಂದು ಕ್ಷಣ ನಮ್ಮ ಗಾಡಿಯ ಸಾಮಾನಿನ ಕಡೆ ನೋಡಿದ. ಅವನ ಜನ ಹಳೆಯ ಲಾರಿಯ ನೆರಳಿಗೆ ಸರಿದು ಕೂತರು.

ಪಠಾಣ್ ಎರಡನೆಯ ಗೇರಿನಲ್ಲಿ ಇಳಿಸಿದ. ಪ್ರತಿ ತಿರುವಿನಲ್ಲೂ ಎಕ್ಸಾಸ್ಟ್ ಬ್ರೇಕ್ ಉಸ್ ಎಂದು ಉಸಿರು ಬಿಡುತ್ತಿತ್ತು. ಒಂದು ಬದಿಗೆ ಗೋಡೆಯಂಥ ಕಲ್ಲು, ಇನ್ನೊಂದು ಬದಿಗೆ ತಡೆಯಿಲ್ಲದ ಕಮರಿ. ಅಲ್ಲಲ್ಲಿ ಕೆಳಗೆ ಉರುಳಿದ ಲಾರಿಗಳ ತುಕ್ಕು ಹಿಡಿದ ಅಸ್ಥಿಪಂಜರ ಕಾಣುತ್ತಿತ್ತು. ಆರು ವರ್ಷ ನಾನು ಜನರನ್ನು ಕಳಿಸಿದ್ದು ಇಲ್ಲಿಗೆ ಎಂದು ಆಗ ಗೊತ್ತಾಯಿತು. ಒಂದು ಗಂಟೆಯಲ್ಲಿ ಝಾಖೋ ದಾಟಿದೆವು.

ಸೇತುವೆಗೆ ಇನ್ನೂ ಮೂರು ಕಿಲೋಮೀಟರ್ ಇರುವಾಗ ವಾಹನಗಳ ಸಾಲು ಸಿಕ್ಕಿತು. ಬಸ್ಸು, ಕಾರು, ಟ್ರ್ಯಾಕ್ಟರು, ಎಲ್ಲ ನಿಂತಿದ್ದವು. ಪಠಾಣ್ ಸಾಲಿನ ಬಾಲಕ್ಕೆ ಸೇರುವ ಮುಂಚೆಯೇ ನಿಲ್ಲಿಸಿ, "ಇಲ್ಲೇ ಇಳಿಸಿಬಿಡು. ನಾನು ಈಗಲೇ ತಿರುಗಿಸ್ತೇನೆ," ಅಂದ.

ಇಳಿದರೆ ಮೂರು ಕಿಲೋಮೀಟರ್ ಸಾಮಾನು ಹೊತ್ತು ನಡೆಯಬೇಕು. ಹೊರಲಾಗದ್ದನ್ನು ಬಿಡಬೇಕು. ಆ ಬಿಸಿಲಲ್ಲಿ ಮಕ್ಕಳು ಬೇರೆ. "ಸ್ವಲ್ಪ ಮುಂದೆ ಹೋಗಿ ನೋಡುವ, ಸಾಲು ಚಲಿಸ್ತಾ ಉಂಟಲ್ಲ," ಅಂದೆ.

ಸಾಲು ಇನ್ನೂರು ಗಜ ಚಲಿಸಿತು. ಅಷ್ಟರಲ್ಲಿ ಹಿಂದೆ ಇಪ್ಪತ್ತು ವಾಹನ ಬಂದು ನಿಂತವು. ಎಡಕ್ಕೆ ಚರಂಡಿ, ಬಲಕ್ಕೆ ಇನ್ನೊಂದು ಸಾಲು. ಆ ಉದ್ದದ ಗಾಡಿಯನ್ನು ಅಲ್ಲಿ ತಿರುಗಿಸುವ ಮಾತೇ ಇರಲಿಲ್ಲ. ಪಠಾಣ್ ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ.

ಹನ್ನೆರಡಾಯಿತು. ಒಂದಾಯಿತು. ಸಾಲು ಆಮೆಯ ಹಾಗೆ ತೆವಳಿತು. ನನ್ನ ಹೆಂಡತಿ ಕ್ಯಾಬಿನ್ನಿನ ಬಳಿ ಬಂದು, "ಅವರು ಅಲ್ಲಿ ಕಾಯ್ತಾ ಇರ್ತಾರೆ ಅಲ್ವಾ?" ಎಂದಳು.

"ಕಾಯ್ತಾರೆ."

"ಸಾಮಾನು ಇಳಿಸ್ಲಿಕ್ಕೆ ಹೇಳಿದ್ರಂತೆ ಖಾನ್ ಭಾಯಿ. ನೀವು ನನ್ನತ್ರ ಒಂದು ಮಾತು ಕೇಳ್ಬಹುದಿತ್ತು. ಆ ಮಿಷನ್ ಇದ್ದರೆಷ್ಟು ಬಿಟ್ಟರೆಷ್ಟು."

ಎರಡು ಗಂಟೆಗೆ ಪಠಾಣ್ ಬಾಗಿಲು ತೆಗೆದು ಇಳಿದ. ಬೀಗದ ಕೈ ನನ್ನ ಅಂಗೈಗೆ ಹಾಕಿ, "ಸಾಲು ಚಲಿಸಿದರೆ ನೀನು ಮುಂದೆ ತಗೋ. ನಾನು ಮೇಲೆ ಹೋಗ್ತೇನೆ," ಅಂದ. ಊರಿನ ಕಡೆ ಹೋಗುತ್ತಿದ್ದ ಒಂದು ಪಿಕಪ್ಪಿನ ಹಿಂದೆ ಹತ್ತಿ ನಿಂತ. ಆ ಗಾಡಿಯಲ್ಲಿ ಇನ್ನೂ ಒಬ್ಬನಿಗೆ ಜಾಗವಿತ್ತು. ನಮ್ಮ ಸಂಸಾರಸ್ಥರಲ್ಲಿ ಲಾರಿಯನ್ನು ನಾಲ್ಕು ಅಡಿ ಮುಂದೆ ಒಯ್ಯಬಲ್ಲವರು ಇನ್ನೂ ಇಬ್ಬರಿದ್ದರು. ಮೇಸ್ತ್ರಿಗೆ ಮಾತು ಕೊಟ್ಟವನು ನಾನು. ಆದರೂ ನಾನು ಬೀಗದ ಕೈ ಹಿಡಿದುಕೊಂಡು ಅಲ್ಲೇ ಕೂತೆ.

ಮೇಲೆ ನಡೆದದ್ದನ್ನು ಆಮೇಲೆ ಬ್ಯಾರಿ ಚಾಲಕನಿಂದ ಕೇಳಿದೆ. ಮೂರು ಗಂಟೆ ಅವರು ಕಾದರು. ಚೌಕಿಯ ಸೈನಿಕರು ಎರಡು ಸಲ ಬಂದು ಗಾಡಿ ತೆಗೆಯಿರಿ, ಇಲ್ಲದಿದ್ದರೆ ಎಲ್ಲರನ್ನೂ ಮೋಸುಲಿಗೆ ಅಟ್ಟುತ್ತೇವೆ ಎಂದು ಗದರಿಸಿದರು. ಅವರಲ್ಲಿ ಇಬ್ಬರಿಗೆ ಜ್ವರ, ನಡೆಯಲಾಗದು. ಕೊನೆಗೆ ಮೇಸ್ತ್ರಿ ಎದ್ದು, "ಗಾಡಿ ನಾವು ಹಿಡ್ಕೋತೀವಿ. ನೀ ಫಸ್ಟ್ ಗೇರಿನಾಗ ಇಳಸು," ಎಂದನಂತೆ.

ಜ್ವರದವರಿಬ್ಬರನ್ನು ಬಿಟ್ಟು ಎಲ್ಲರೂ ಕೆಳಗಿಳಿದರು. ರಸ್ತೆಬದಿಯಿಂದ ತಲೆಗಾತ್ರದ ಕಲ್ಲುಗಳನ್ನು ಆರಿಸಿದರು. ಎಂಟು ಎಂಟು ಜನರ ಗುಂಪು ಮಾಡಿ, ಚಕ್ರದ ಪಕ್ಕದಲ್ಲಿ ಕಲ್ಲು ಹಿಡಿದು ನಡೆದರು. ಲಾರಿ ನೂರು ಗಜ ಇಳಿಯುವುದು, ಮೇಸ್ತ್ರಿ ಕೂಗುವುದು, ಚಕ್ರಗಳ ಮುಂದೆ ಕಲ್ಲು ಬೀಳುವುದು, ಬ್ರೇಕ್ ತಣಿಯುವವರೆಗೆ ನಿಲ್ಲುವುದು, ಮತ್ತೆ ಕಲ್ಲು ತೆಗೆದು ನೂರು ಗಜ. ಗೋದಾಮಿನಲ್ಲಿ ಭಾರದ ಪೆಟ್ಟಿಗೆ ಇಳಿಸುವಾಗ ಮಾಡುತ್ತಿದ್ದ ಕೆಲಸವೇ. ಹೀಗೆ ಅರ್ಧ ಘಾಟಿ ಇಳಿಸಿದರು. ಒಂದು ಕಡಿದಾದ ತಿರುವಿನಲ್ಲಿ ಬ್ರೇಕ್ ಹೊಗೆಯೆದ್ದು ಗಾಡಿ ತಾನಾಗಿ ಜಾರಿತು. ಎಲ್ಲರೂ ಕಲ್ಲು ಎಸೆದರು. ಎಡಗಡೆಯ ಹಿಂದಿನ ಚಕ್ರದ ಕಲ್ಲು ಉರುಳಿಹೋಯಿತು. ಮೇಸ್ತ್ರಿ ಓಡಿಬಂದು ಇನ್ನೊಂದನ್ನು ಕೈಯಿಂದಲೇ ಒತ್ತಿ ಹಿಡಿದ. ಗಾಡಿ ನಿಂತಿತು. ಅವನ ಬಲಗೈ ಕಲ್ಲಿಗೂ ಚಕ್ರಕ್ಕೂ ನಡುವೆ ಇತ್ತು.

ಪಠಾಣ್ ಅಲ್ಲಿಗೆ ತಲುಪಿದ್ದು ಅದಾದ ಹತ್ತು ನಿಮಿಷಕ್ಕೆ. ಉಳಿದ ಅರ್ಧವನ್ನು, ಅದೇ ಕಲ್ಲುಗಳ ಆಸರೆಯಲ್ಲಿ, ಅವನೇ ಇಳಿಸಿದ.

ಸಂಜೆ ಆರರ ಹೊತ್ತಿಗೆ, ನಾವು ಇನ್ನೇನು ಸೇತುವೆಯ ಬಾಯಿಗೆ ಬಂದಿದ್ದೆವು, ಅವರು ಜ್ವರದವರಿಬ್ಬರನ್ನು ಹೊತ್ತುಕೊಂಡು ನಡೆದು ಬಂದರು. ಹಳೆಯ ಲಾರಿಯನ್ನು ಊರಿನಲ್ಲೇ ಬಿಟ್ಟಿದ್ದರು. ಮೂವತ್ತೆಂಟು ಜನರೂ ಇದ್ದರು. ನಾನು ದೂರದಿಂದಲೇ ಎಣಿಸಿದೆ. ಎಣಿಸಿ ಮುಗಿದಾಗ ನನಗಾದ ಸಮಾಧಾನ ಎಷ್ಟಿತ್ತೆಂದರೆ, ಮೇಸ್ತ್ರಿಯ ಕೈಗೆ ಸುತ್ತಿದ್ದ ರುಮಾಲು ಕಪ್ಪಗೆ ನೆನೆದಿದ್ದುದು ಹತ್ತಿರ ಬರುವವರೆಗೆ ಕಾಣಲಿಲ್ಲ.

ನನ್ನ ಹೆಂಡತಿ ಓಡಿದಳು. ಒಂದು ಹೊಸ ಸೀರೆ ಹರಿದು, ಇದ್ದ ನೀರಿನಲ್ಲಿ ತೊಳೆದು ಕಟ್ಟಿದಳು. ಅವನು ಹಲ್ಲು ಕಚ್ಚಿ ಕೂತಿದ್ದ. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಸೇತುವೆಯ ಸಾಲಲ್ಲಿ ಸಿಕ್ಕಿಬಿದ್ದೆವು," ಅಂದೆ.

"ಹಂಗ ಆಗಿರಬೇಕಂತ ನಾನೂ ಹೇಳಿದ್ನಿ ಇವರಿಗೆ."

"ಆ ಬ್ರೇಕಿನ ವಿಷಯ ನನಗೆ ಮೊದಲೇ ಗೊತ್ತಿತ್ತು."

ಅವನು ನನ್ನ ಮುಖ ನೋಡಿದ. "ನಮಗೂ ಗೊತ್ತಿತ್ರಿ. ದಿನಾ ಆ ಗಾಡಿ ತುಂಬೋರು ನಾವಲ್ಲೇನ್ರಿ? ಕೂಸುಗಳು ಚಲೋ ಗಾಡ್ಯಾಗ ಹೋಗಲಿ ಅಂತ ಸುಮ್ಮನಿದ್ವಿ." ಆಮೇಲೆ ಆಕ್ಷೇಪಣೆಯ ದನಿಯೇ ಇಲ್ಲದೆ ಹೇಳಿದ: "ಆದರ ಸಾಮಾನು ಇಳಸ್ತೀರಿ ಅಂತ ತಿಳಕೊಂಡಿದ್ವಿ."

ಸೇತುವೆಯ ಮೇಲೆ ವಾಹನ ಬಿಡುತ್ತಿರಲಿಲ್ಲ. ಕೈಯಲ್ಲಿ ಹಿಡಿದಷ್ಟು ಮಾತ್ರ ಒಯ್ಯಬಹುದು ಎಂದರು. ನಮ್ಮವರು ಟ್ರಂಕುಗಳ ನಡುವೆ ಯಾವುದನ್ನು ಬಿಡುವುದು ಎಂದು ತಿಳಿಯದೆ ನಿಂತಿದ್ದರು. ಕ್ಯಾಂಪಿನವರ ಹೆಗಲಲ್ಲಿ ಒಂದೊಂದು ಚೀಲ ಬಿಟ್ಟರೆ ಏನೂ ಇರಲಿಲ್ಲ. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅವರು ಗಾಡಿಯ ಹತ್ತಿರ ಬಂದು, ಹಲಗೆ ಇಳಿಸಿ, ಗೋದಾಮಿನಲ್ಲಿ ಮಾಡುತ್ತಿದ್ದ ಹಾಗೆ ಸಾಲು ಕಟ್ಟಿ ಸಾಮಾನನ್ನು ತಲೆಗೇರಿಸಿಕೊಂಡರು. ಟೀವಿ, ಟ್ರಂಕು, ಹೊಲಿಗೆ ಯಂತ್ರ. ನಾನು ಬೇಡ ಬೇಡ ಎಂದೆ. ಅಷ್ಟು ಜೋರಾಗಿ ಹೇಳಲಿಲ್ಲ. ನಮ್ಮ ಸಾಮಾನು ಒಂದೂ ಬಿಡದೆ ಸೇತುವೆ ದಾಟಿತು. ಪಠಾಣ್ ಮಾತ್ರ ದಾಟಲಿಲ್ಲ. ಒಳ್ಳೆಯ ಲಾರಿ ಇದೆ, ಕುವೈತಿನಿಂದ ಇನ್ನಷ್ಟು ಜನರನ್ನು ತರಬಹುದು ಎಂದು ತಿರುಗಿದ. ಮೇಸ್ತ್ರಿಯ ಕೈ ಮುಟ್ಟಿ ಏನೋ ಹೇಳಿದ. ನನಗೆ ಸಲಾಮು ಮಾಡಲಿಲ್ಲ.

ಆಚೆ ದಡದಲ್ಲಿ ಡೇರೆಗಳ ಒಂದು ಆಸ್ಪತ್ರೆಯಿತ್ತು. ಮೇಸ್ತ್ರಿಯ ನಾಲ್ಕು ಬೆರಳುಗಳನ್ನು ತೆಗೆದರು. ಸಂಸಾರಸ್ಥರನ್ನು ಮೊದಲು ಕಳಿಸುವುದು ಅಲ್ಲಿಯ ನಿಯಮ. ಮೂರನೆಯ ದಿನ ನಮ್ಮ ಬಸ್ಸು ಹೊರಟಿತು. ಅವನ ಹತ್ತಿರ ಉಳಿಯುತ್ತೇನೆ ಎಂದು ನಾನು ಹೇಳಬಹುದಿತ್ತು. ಬಸ್ಸಿನಲ್ಲಿ ಕಿಟಕಿಯ ಬದಿಗೆ ನನಗೆ ಸೀಟು ಸಿಕ್ಕಿತು.

ಮರು ವರ್ಷ ಯುದ್ಧ ಮುಗಿದು, ಕಫೀಲ್ ಕುವೈತಿಗೆ ಮರಳಿದ. ಮಳೆಗಾಲದ ಹೊತ್ತಿಗೆ ನನಗೆ ಕರೆ ಬಂತು. ಹಳೆಯ ಕೆಲಸಗಾರರಲ್ಲಿ ಯಾರನ್ನು ಕರೆಸಬೇಕೆಂದು ಪಟ್ಟಿ ಮಾಡಿ ಕಳಿಸು ಎಂದೂ ಬರೆದಿದ್ದ. ಮೊದಲ ಹೆಸರು ಮೇಸ್ತ್ರಿಯದೇ ಬರೆದೆ, ಅಂಗಳದ ಕಾವಲಿಗೆ ಎಂದು. ಆ ಕೈ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗದು ಎಂದು ನನಗೆ ತಿಳಿದಿತ್ತು. ಬರೆದು ಕಳಿಸಿದ ಮೇಲೆ ನನಗೇ ಹೇಸಿಗೆಯಾಯಿತು. ಹೊರಡುವ ಹತ್ತು ದಿನ ಮುಂಚೆ ಬಸ್ಸು ಹತ್ತಿ ರಾಯಚೂರಿಗೆ ಹೋದೆ. ಅವನ ಮನೆಯವರ ಎದುರಿಗೆ ಎಲ್ಲವನ್ನೂ ಹೇಳಬೇಕು ಎಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ.

ಅವನು ಒಂದು ಹತ್ತಿ ಮಿಲ್ಲಿನ ಗೇಟಿನಲ್ಲಿ ಕೂರುತ್ತಿದ್ದ. ನನ್ನನ್ನು ಕಂಡು ಗಡಬಡಿಸಿ ಎದ್ದ. ಬೇರೊಬ್ಬನನ್ನು ಗೇಟಿಗೆ ನಿಲ್ಲಿಸಿ ಮನೆಗೆ ಕರೆದುಕೊಂಡು ಹೋದ. ಓಣಿಯ ಮಂದಿ ಬಾಗಿಲಲ್ಲಿ ಕೂಡಿದರು. ಹೆಂಡತಿ ಕಾಲಿಗೆ ನೀರು ತಂದಿಟ್ಟಳು.

"ಇವರ ನೋಡು," ಎಂದ ಅವಳಿಗೆ. "ನಮ್ಮ ಮೂವತ್ತೆಂಟು ಮಂದೀನ ಮನೀಗೆ ಮುಟ್ಟಿಸಿದ ಸಾಹೇಬ್ರು."

ಅವಳು ಬಾಗಿ ನನ್ನ ಪಾದ ಮುಟ್ಟಿದಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ, ತಡವಾಗಿ. ಮಾತು ಶುರುಮಾಡಲು ಬಾಯಿ ತೆರೆದೆ. ಆದರೆ ಬಾಗಿಲಲ್ಲಿದ್ದ ಒಬ್ಬ ಹಿರಿಯರು, "ಅಷ್ಟು ದೂರದ ದಾರಿ ಹೆಂಗ ಗೊತ್ತು ಮಾಡಿದ್ರಿ?" ಎಂದು ಕೇಳಿದರು. ನಾನು ಹೇಳತೊಡಗಿದೆ. ಬಸ್ರಾ, ಬಾಗ್ದಾದ್, ಮೋಸುಲ್. ಎಷ್ಟು ಪೀಪಾಯಿ ಡೀಸೆಲ್, ಎಷ್ಟು ನೀರು. ಬೆಟ್ಟ ಎಷ್ಟು ಕಡಿದು, ಯಾವ ಗೇರಿನಲ್ಲಿ ಇಳಿಯಬೇಕು. ಜನ ತಲೆದೂಗುತ್ತ ಕೇಳಿದರು. ಮೇಸ್ತ್ರಿಯೂ ಕೇಳಿದ, ಒಮ್ಮೆಯೂ ನಡುವೆ ಬಾಯಿ ಹಾಕದೆ. ಬೆಟ್ಟದ ಹತ್ತಿರ ಬಂದಾಗ ನಾನು ಅವನ ಕಡೆ ನೋಡಿದೆ. ಅವನು ಗೋಡೆ ನೋಡುತ್ತಿದ್ದ. ಅಲ್ಲಿಂದ ನನ್ನ ಮಾತು ನೇರ ಸೇತುವೆಗೆ ಹೋಯಿತು.

ಊಟಕ್ಕೆ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅವನ ಹೆಂಡತಿ ಅವನ ರೊಟ್ಟಿಯನ್ನು ಸಣ್ಣಗೆ ಮುರಿದು ತಟ್ಟೆಯಲ್ಲಿ ಹಾಕಿಟ್ಟಿದ್ದಳು. ಅವನು ಎಡಗೈಯಿಂದ ಉಣ್ಣುತ್ತಿದ್ದ. ನನ್ನ ತಟ್ಟೆ ಖಾಲಿಯಾದದ್ದನ್ನು ಮೊದಲು ನೋಡಿದವನು ಅವನೇ.

"ಸಾಹೇಬ್ರಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕು," ಅಂದ.

ಅವಳು ಹಾಕಿದಳು. ನಾನು ಬೇಡ ಎನ್ನಲಿಲ್ಲ.